ಟೈಲರಮ್ಮನ ಎಡಗೈ

ಉಗುರು ಅಲಂಕಾರದ ಆರು ತಿಂಗಳ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಗಾಜಿನ ಕಟ್ಟು ಹಾಕಿಸಿಕೊಂಡು ನಾನು ನೇಲ್ ಪಾರ್ಲರಿಗೆ ಕೆಲಸಕ್ಕೆ ಸೇರಿದೆ. ಅಲ್ಲಿ ನನ್ನ ಚಿಕ್ಕಮ್ಮ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದಳು. ಅವಳ ಬಳಿ ಸರ್ಟಿಫಿಕೇಟ್ ಇರಲಿಲ್ಲ. ನನ್ನ ಬಳಿ ಅದೊಂದನ್ನು ಬಿಟ್ಟು ಬೇರೇನೂ ಇರಲಿಲ್ಲ.

ಮೇಲ್ವಿಚಾರಕಿ ಕೆಲಸ ಬಿಟ್ಟಾಗ ಮಾಲೀಕರು ಆ ಜಾಗಕ್ಕೆ ನನ್ನ ಹೆಸರೆತ್ತಿದರು. "ಗೋಡೆ ಮೇಲೆ ಸರ್ಟಿಫಿಕೇಟ್ ಇದ್ರೆ ಬಂದವರಿಗೆ ನಂಬಿಕೆ ಬರುತ್ತೆ." ನಾನು ಕಾಲರ್ ಸರಿಮಾಡಿಕೊಂಡೆ.

ಬಟ್ಟಲು ತೊಳೆಯುತ್ತಿದ್ದ ಚಿಕ್ಕಮ್ಮ ತಿರುಗಿದಳು. ಆ ಜಾಗ ಹಿಂದೆ ಎರಡು ಸಲ ಕೈತಪ್ಪಿದಾಗಲೂ ಅವಳು ತುಟಿ ಬಿಚ್ಚಿರಲಿಲ್ಲ. ಈ ಸಲ ಬಿಚ್ಚಿದಳು.

"ಸರ್ಟಿಫಿಕೇಟು ಉಗುರು ತೀಡುತ್ತಾ ಸಾರ್? ಒಬ್ಬರೇ ಗಿರಾಕಿ. ಒಂದು ಕೈ ಇವನಿಗೆ, ಒಂದು ಕೈ ನನಗೆ. ವಾರ ಬಿಟ್ಟು ನೋಡಿ. ಯಾರು ಹಚ್ಚಿದ ಬಣ್ಣ ನಿಂತಿರುತ್ತೋ ಆ ಜಾಗ ಅವರಿಗೆ."

ಪಕ್ಕದ ಅಂಗಡಿಯ ಟೈಲರಮ್ಮ ಬಂದು ಕೂತರು. "ಎಡಗೈ ನನಗಿರಲಿ," ಎಂದಳು ಚಿಕ್ಕಮ್ಮ, ಯಾರೂ ಕೇಳುವ ಮೊದಲೇ.

ನಾನು ಬಲಗೈಯನ್ನು ಬಿಸಿನೀರಲ್ಲಿ ನೆನೆಸಿ, ಆಮೇಲೆ ಉಗುರು ತೀಡುವ ಫೈಲ್ ಹಿಡಿದು ಗರಗಸದಂತೆ ಹಿಂದಕ್ಕೂ ಮುಂದಕ್ಕೂ ಎಳೆದೆ. ಕ್ರೀಮ್ ಹಚ್ಚಿ ತಿಕ್ಕಿ, ಅದರ ಮೇಲೇ ಬಣ್ಣ ಬಳಿದೆ. ಹದಿನೆಂಟು ನಿಮಿಷ! ಗಡಿಯಾರ ನೋಡಿ ಎದೆಯುಬ್ಬಿಸಿದೆ.

ಚಿಕ್ಕಮ್ಮ ಅಷ್ಟೊತ್ತಿಗೆ ಇನ್ನೂ ಎಡಗೈ ನೆನೆಸುತ್ತಿದ್ದಳು. ಉಗುರು ಒಣಗಿದ್ದಾಗಲೇ, ಅಂಚಿನಿಂದ ನಡುವಿಗೆ, ಒಂದೇ ದಿಕ್ಕಿಗೆ ತೀಡಿದ್ದಳು. ನೆನೆದ ಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಬುಡದ ಚರ್ಮವನ್ನು ಮೆಲ್ಲನೆ ಹಿಂದಕ್ಕೆ ಸರಿಸಿದಳು. ಕತ್ತರಿಸಲಿಲ್ಲ. ಕ್ರೀಮ್ ತಿಕ್ಕಿದ ಮೇಲೆ ಪ್ರತಿ ಉಗುರನ್ನೂ ಬಣ್ಣ ತೆಗೆಯುವ ರಿಮೂವರಿನಿಂದ ಒರೆಸಿದಳು. ಅಡಿಗೆ ಬೇಸ್ ಕೋಟಿನ ಲೇಪ, ತೆಳುವಾಗಿ ಎರಡು ಸಲ ಬಣ್ಣ, ಉಗುರಿನ ತುದಿಯಂಚಿಗೂ ಒಂದು ಗೀಟು, ಕೊನೆಗೆ ಹೊಳಪಿನ ಲೇಪ. ಟೈಲರಮ್ಮ ಅಷ್ಟರಲ್ಲಿ ಎರಡು ಸಲ ತೂಕಡಿಸಿದ್ದರು.

ವಾರ ಕಳೆದು ಅವರು ಎರಡೂ ಕೈಯನ್ನು ಮೇಜಿನ ಮೇಲಿಟ್ಟರು. ನಾನು ಮಾಡಿದ ಐದರಲ್ಲಿ ಮೂರು ಉಗುರಿನ ಬಣ್ಣ ಹಳೇ ಗೋಡೆಯಂತೆ ಚಕ್ಕೆಯೆದ್ದಿತ್ತು. ಒಂದರ ತುದಿ ಪದರ ಬಿಟ್ಟಿತ್ತು. ಎಡಗೈ ನಿನ್ನೆ ಮಾಡಿದಂತಿತ್ತು.

ನಾನು ಸುಮ್ಮನಿರಬಹುದಿತ್ತು. "ಬಲಗೈಗೆ ಕೆಲಸ ಜಾಸ್ತಿ ಸಾರ್! ಕತ್ತರಿ, ಸೂಜಿ..." ಎಂದೆ.

"ನಾನು ಎಡಚಿ ಕಣಪ್ಪ," ಎಂದರು ಟೈಲರಮ್ಮ. "ಕತ್ತರಿ, ಸೂಜಿ, ನಮ್ಮೆಜಮಾನರಿಗೆ ತಿವಿಯೋದು, ಎಲ್ಲಾ ಈ ಕೈಯಲ್ಲೇ."

ಪಾರ್ಲರಿಡೀ ನಕ್ಕಿತು. ಮಾಲೀಕರು ಮಾತ್ರ ಚಿಕ್ಕಮ್ಮನನ್ನೇ ನೋಡಿದರು. "ನಿಮಗಿದು ಗೊತ್ತಿತ್ತಾ?"

"ಇಷ್ಟು ವರ್ಷದಿಂದ ಈ ಕೈ ಹಿಡಿದಿದೀನಿ, ಗೊತ್ತಿರಲ್ವಾ? ಸುಲಭದ ಕೈ ಇವನಿಗೆ ಬಿಟ್ಟೆ. ಅಕ್ಕನ ಮಗ, ಅಷ್ಟೂ ಮಾಡದಿದ್ರೆ ಹೇಗೆ?" ಆಮೇಲೆ ನನ್ನ ಕಡೆ ತಿರುಗಿದಳು. "ನೆನೆದ ಉಗುರು ಮೆತ್ತಗಿರುತ್ತೆ, ತೀಡಿದ್ರೆ ಸೀಳುತ್ತೆ. ಎಣ್ಣೆ ಪಸೆ ಮೇಲೆ ಬಣ್ಣ ಕೂರಲ್ಲ. ಕೋರ್ಸಲ್ಲಿ ಹೇಳಿಕೊಡಲಿಲ್ವೇನೋ?"

ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಬರೆದೂ ಇದ್ದೆ.

ಮೇಲ್ವಿಚಾರಕಿಯ ಬೀಗದ ಕೈ ಗೊಂಚಲು ಅಂದೇ ಚಿಕ್ಕಮ್ಮನ ಸೊಂಟಕ್ಕೆ ಬಂತು. ನಾನು ಮನೆಗೆ ಓಡಿ, ಪಂದ್ಯದಲ್ಲಿ ಸೋತೆ ಅಂತ ಅಮ್ಮನಿಗೆ ಎದೆಯುಬ್ಬಿಸಿ ಹೇಳಿದೆ.

"ಸೋತು ಬಂದವನಿಗೆ ಇಷ್ಟು ಜಂಬ ಯಾಕೋ?" ಎಂದಳು ಅಮ್ಮ.

"ಗೆದ್ದಿದ್ದು ಯಾರು ಗೊತ್ತಾ? ನಿನ್ನ ತಂಗಿ. ನಾಳೆಯಿಂದ ಅವಳ ಕೈಕೆಳಗೆ ನನ್ನ ಕೆಲಸ. ಜಂಬಪಡೋಕೆ ಅಷ್ಟು ಸಾಲದಾ?"