ಪಟ್ಟದ ಹೋರಿಗಾಗಿ ಕಾದ ಪ್ರಬಂಧ

ತಿರುಚಿರಾಪಳ್ಳಿಯಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದಾಗ ನಮಗೆ ಚರಿತ್ರೆ ಕಲಿಸುವ ಬಿಳಿ ದೊರೆ ಪಟ್ಟು ಹಿಡಿದರು. ಪ್ರತಿಯೊಬ್ಬನೂ ತನ್ನ ಊರಿನ ಮೇಲೆ ಒಂದು ದೊಡ್ಡ ಪ್ರಬಂಧ ಬರೆಯಬೇಕು. ಪುಸ್ತಕದಿಂದ ಎತ್ತಿದ್ದು ಬೇಡ, ಸ್ವಂತ ಕಿವಿಯಿಂದ ಕೇಳಿದ್ದೇ ಆಗಬೇಕು. ಅದನ್ನು ಗಡುವಿನೊಳಗೆ ಕೊಡದವನನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ನನಗೆ ಒಳಗೊಳಗೇ ಖುಷಿ. ಕನ್ನಡದ ಒಕ್ಕಲು ಮಂದಿಯಾದ ನಾವು ತುಂಗಭದ್ರೆ ದಾಟಿ, ದನ ಹೊಡೆದುಕೊಂಡು ತಮಿಳು ಸೀಮೆಯ ಕಂಬಂ ಕಣಿವೆಗೆ ಬಂದ ದಾರಿಯನ್ನೇ ಬರೆದರಾಯಿತು, ತಾತನನ್ನು ಕೇಳಿದರೆ ಒಂದು ಸಂಜೆಯ ಕೆಲಸ ಅಂದುಕೊಂಡು ರಜೆಗೆ ನಮ್ಮೂರು ಕೊಂಬೈಗೆ ಬಂದೆ.

ತಾತ ನಕ್ಕುಬಿಟ್ಟರು. ಆ ದಾರಿಯನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಹೇಳುವಂತಿಲ್ಲವಂತೆ. ನಮ್ಮ ದೇವರ ದನಗಳ ಮಂದೆಗೆ ಹೊಸ ಪಟ್ಟದ ಹೋರಿ ಬಂದ ದಿನ, ಕುಲದ ಹಿರಿಯರೊಬ್ಬರು ಅದರ ಮುಂದೆ ನಿಂತು ಒಮ್ಮೆ ಹೇಳುತ್ತಾರೆ. ಆಮೇಲೆ ಆ ಹೋರಿ ಸಾಯುವ ತನಕ ಯಾರೂ ಬಾಯಿ ಬಿಡುವುದಿಲ್ಲ. ಹಳೆಯ ಹೋರಿ ಆ ತಿಂಗಳೇ ಸತ್ತಿತ್ತು. ನನ್ನ ಪುಣ್ಯ ಅಂದೆ. ಅವ್ವ ಬಾಯಿಗೆ ಒಂದು ಕೊಟ್ಟಳು.

ಪಟ್ಟದ ಹೋರಿಯನ್ನು ಮನುಷ್ಯರು ಆರಿಸುವುದಿಲ್ಲ. ಗುಡಿಯ ಮುಂದೆ ಒಂದು ಹೊರೆ ಕಬ್ಬು ಇಟ್ಟು ಮಂದೆಯನ್ನು ಬಿಡುತ್ತಾರೆ. ಯಾವ ಹೋರಿ ತಾನಾಗಿ ಬಂದು ಕಬ್ಬು ಕಚ್ಚುತ್ತದೋ ಅದಕ್ಕೇ ಪಟ್ಟ. ಹಾಯ್ ಅನ್ನುವಂತಿಲ್ಲ, ಹಗ್ಗ ಮುಟ್ಟುವಂತಿಲ್ಲ. ಮೊದಲ ದಿನ ದನಗಳು ಕಬ್ಬಿನ ಸುತ್ತ ಮೇಯ್ದು ಹೋದವು. ಮರುದಿನ ಮಧ್ಯಾಹ್ನದವರೆಗೂ ಅಷ್ಟೇ. ಆ ಸಂಜೆಯೊಳಗೆ ಗಾಡಿ ಹೂಡದಿದ್ದರೆ ದಿಂಡಿಗಲ್ಲಿನಲ್ಲಿ ರೈಲು ತಪ್ಪುತ್ತದೆ, ರೈಲು ತಪ್ಪಿದರೆ ಗಡುವೂ ಹೋಯಿತು, ವರ್ಷವೂ ಹೋಯಿತು. ಯಾವುದಾದರೂ ಒಂದಕ್ಕೆ ಮೆಲ್ಲಗೆ ಕೋಲು ತಾಕಿಸಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಗೊಣಗಿದೆ.

"ಸುಮ್ಕಿರು ತಂಬಿ," ಅಂದರು ತಾತ. "ಅವಸರ ನಿಂದು. ಹೋರಿಗೇನು?"

ಬಿಸಿಲು ಇಳಿಯುವ ಹೊತ್ತಿಗೆ, ತೊಡೆಗೆಲ್ಲ ಸಗಣಿ ಮೆತ್ತಿದ ಒಂದು ಬೂದುಬಣ್ಣದ ಎಳೆ ಹೋರಿ ಮಂದೆ ಬಿಟ್ಟು ಬಂತು. ನಾನಾಗಿದ್ದರೆ ಅದನ್ನು ಗೊಬ್ಬರದ ಗಾಡಿಗೂ ಕಟ್ಟುತ್ತಿರಲಿಲ್ಲ. ಅಷ್ಟೊಂದು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅದು ಮೂಸಿತು, ತಲೆ ಎತ್ತಿ ನಮ್ಮನ್ನು ನೋಡಿತು, ಕಬ್ಬು ಕಚ್ಚಿತು. ಕರಕ್ ಎಂದ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು. ಜನವೆಲ್ಲ ಧೊಪ್ಪನೆ ಅಡ್ಡಬಿದ್ದರು. ತರ್ಕಶಾಸ್ತ್ರ ಓದಿದ ನಾನೂ ಯಾವಾಗ ನೆಲಕ್ಕೆ ಹಣೆ ಹಚ್ಚಿದೆನೋ ತಿಳಿಯದು.

ಅರಿಸಿನ ಹಚ್ಚಿ ಕರ್ಪೂರ ಬೆಳಗಿದ ಮೇಲೆ ಕುಲದ ಆ ಹಿರಿಯರು ಹೋರಿಯ ಎದುರಿಗೆ ನಿಂತು ಹೇಳತೊಡಗಿದರು. ಅವರು ಹೇಳಿದ್ದು ಹೋರಿಗೆ; ನಾವು ಕೇಳಿಸಿಕೊಂಡೆವು, ಅಷ್ಟೇ. ಹೊಳೆ ತುಂಬಿ ಬಂದದ್ದು, ದಡದ ಹೊಂಗೆಮರ ಬಾಗಿ ದಾರಿ ಕೊಟ್ಟದ್ದು, ಯಾವ ಕಣಿವೆಯಲ್ಲಿ ಕರು ಹುಟ್ಟಿತು, ಯಾವ ಬಯಲಲ್ಲಿ ಯಾರ ಮನೆಯ ಮುದುಕಿಯನ್ನು ಮಣ್ಣು ಮಾಡಿದರು, ಎಲ್ಲವೂ ಇತ್ತು. ಸಹಪಾಠಿಗಳು ಆಡಿಕೊಂಡು ನಗುತ್ತಿದ್ದ ನಮ್ಮ ಅಡುಗೆಮನೆಯ ಕನ್ನಡದಲ್ಲಿ ಅಷ್ಟು ದೂರದ ದಾರಿ ಅಡಗಿತ್ತೆಂದು ನನಗೆ ಗೊತ್ತೇ ಇರಲಿಲ್ಲ.

ದಾರಿ ಕಣಿವೆಗೆ ಮುಟ್ಟಿದರೂ ಅವರು ನಿಲ್ಲಿಸಲಿಲ್ಲ. ಹಳೆಯ ಹೋರಿಗೆ ಪಟ್ಟವಾದ ಮೇಲೆ ನಡೆದದ್ದನ್ನೂ ಸೇರಿಸಬೇಕಿತ್ತು. ಪಡುವಣಕ್ಕೆ ಹರಿಯುತ್ತಿದ್ದ ಪೆರಿಯಾರಿನ ನೀರು ಬೆಟ್ಟ ತೂರಿ ನಮ್ಮ ಗದ್ದೆಗೆ ಬಂತು ಅಂದರು. ಕೊಂಬೈಯ ನಮ್ಮ ಮನೆಯ ಹುಡುಗ ರೈಲು ಹತ್ತಿ ಓದಲು ಹೋದ ಅಂದರು. ಆ ಹುಡುಗ ನಾನೇ. ಅವರು ಮಾತು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಪಡಿಪ್ಪು ಮುಗೀತಾ ತಂಬಿ?"

ಇಲ್ಲ, ಓದು ಮುಗಿದಿಲ್ಲ, ಒಂದು ಪ್ರಬಂಧ, ಒಂದು ಪರೀಕ್ಷೆ ಬಾಕಿ ಇದೆ ಅಂದೆ.

"ಆಗದೇ ಇರೋದ್ನ ಇದ್ರ ಮುಂದೆ ಹೇಳಬಾರ್ದು. ಓದೋಕೆ ಹೋದ ಅನ್ನೋವರೆಗೆ ಇರ್ಲಿ," ಎಂದು ಹೋರಿಗೆ ಕೈಮುಗಿದು ಮುಗಿಸಿದರು.

ಆ ಸಂಜೆಯೇ ಗಾಡಿ ಹೂಡಿದೆವು. ದಿಂಡಿಗಲ್ಲಿನ ರೈಲು ಸಿಕ್ಕಿತು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆದು ಮುಗಿಸಿದೆ. ಬಾಯಿ ಬಿಡುವಂತಿಲ್ಲ, ಬರೆಯಬಾರದೆಂದು ಯಾರೂ ಹೇಳಿರಲಿಲ್ಲ. ದೊರೆ ಓದಿ, ಮತ್ತೆ ಮೊದಲಿನಿಂದ ಓದಿದರು. ಪರೀಕ್ಷೆಗೂ ಕೂತೆ, ಪಾಸೂ ಆದೆ. ಊರಿಗೆ ಬಂದವನೇ ಹಿರಿಯರ ಬಳಿಗೆ ಓಡಿದೆ. ತುಂಬಾ ಸಂತೋಷಪಟ್ಟು ತಲೆ ಸವರಿದರು. ಆದರೆ ಓದು ಮುಗಿದದ್ದನ್ನು ಸೇರಿಸುವುದು ಮುಂದಿನ ಹೋರಿಯ ಮುಂದೆಯೇ ಅಂದರು.

ವರ್ಷಗಳು ಕಳೆದಿವೆ. ಹೋರಿ ಗಟ್ಟಿಮುಟ್ಟಾಗಿದೆ, ಅದು ನೂರು ಕಾಲ ಬಾಳಲಿ. ನಮ್ಮ ಜನರ ಚರಿತ್ರೆಯಲ್ಲಿ ನಾನಿನ್ನೂ ಓದಿ ಮುಗಿಸಿಲ್ಲ.