ಬಸ್ಸಿಗಿಂತ ದೊಡ್ಡ ಅಜ್ಜಿ

1998ರಲ್ಲಿ ನಾನು ಕೊಟ್ಟೂರಿನ ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿದ್ದೆ. ಆ ವರ್ಷ ಜಿಲ್ಲಾ ಸ್ಪರ್ಧೆಗೆ ಕೊಟ್ಟ ವಿಷಯ ‘ನಗರದ ಬೆಳಗು’. ಶಾಲೆಗೊಂದೇ ಚಿತ್ರ ಬಳ್ಳಾರಿಗೆ ಕಳಿಸಬೇಕು. ನಮ್ಮ ಮಕ್ಕಳಿಗೋ ನಗರವೆಂದರೆ ದಾವಣಗೆರೆ, ಅದೂ ಜವಳಿ ತರಲು ಹೋದಾಗ ಕಂಡಷ್ಟೇ.

ಚಿತ್ರದಲ್ಲಿ ದೂರ-ಹತ್ತಿರ ತೋರಿಸುವ ಪರ್ಸ್ಪೆಕ್ಟಿವ್ ಕಲಿಸಲು ಅವರನ್ನು ಶಾಲೆಯ ಮುಂದಿನ ರಸ್ತೆಗೇ ಕರೆದೊಯ್ದೆ. ರಸ್ತೆಯ ಎರಡೂ ಅಂಚು ದೂರದಲ್ಲಿ ಕೂಡಿದಂತೆ ಕಾಣುವ ಜಾಗವೇ ವ್ಯಾನಿಷಿಂಗ್ ಪಾಯಿಂಟ್. ಅತ್ತ ಹೋದಷ್ಟೂ ಎಲ್ಲವೂ ಸಣ್ಣದಾಗಬೇಕು, ಬಣ್ಣ ಮಂಕಾಗಬೇಕು. “ನೆಂಟರು ಬಂದಾಗ ಮಜ್ಜಿಗಿಗೆ ನೀರು ಬೆರೆಸ್ತೀರಲ್ಲ, ಹಂಗ ದೂರ ಹೋದಂಗೆಲ್ಲ ಬಣ್ಣ ತೆಳ್ಳಗ ಮಾಡ್ರಿ” ಎಂದೆ. ಅದು ಎಲ್ಲರ ತಲೆಗೂ ಹತ್ತಿತು.

ಎಂಟನೆಯ ತರಗತಿಯ ಕೊಟ್ರಮ್ಮನ ಕೈಯಲ್ಲಿ ನಿಜವಾದ ಕಸುವಿತ್ತು. ಅವಳನ್ನು ಸಾಕಿದ ಅಜ್ಜಿ ಬಸ್ ನಿಲ್ದಾಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುತ್ತಿದ್ದಳು. ಮಂಡಕ್ಕಿ ಚೀಲ ತರಲು ಇಬ್ಬರೂ ದಾವಣಗೆರೆಗೆ ಹೋಗುತ್ತಿದ್ದರು. ಅವಳು ಬರೆದ ಬೀದಿ ಮಂಡಕ್ಕಿ ಹುರಿಯುವ ಭಟ್ಟಿಗಳ ಹೊಗೆಯಲ್ಲಿ ಕರಗಿಹೋಗಿತ್ತು. ಆಹಾ, ಎಂಥ ಬಣ್ಣ! ಆದರೆ ಬೀದಿಯ ಆ ತುದಿಯಲ್ಲಿ, ಚೀಲ ಹೊತ್ತ ಅಜ್ಜಿ ಪಕ್ಕದ ಬಸ್ಸನ್ನೂ ಎರಡಂತಸ್ತಿನ ಕಟ್ಟಡವನ್ನೂ ಮೀರಿ ನಿಂತಿದ್ದಳು.

“ಏನವ್ವಾ ಇದು? ನಿಮ್ಮಜ್ಜಿ ಬಸ್ಸನ್ನ ಬಗಲಾಗ ಇಟ್ಕಂಡು ಹೊಂಟಾಳಲ್ಲ!” ಎಂದೆ. ತರಗತಿಯೆಲ್ಲ ನಕ್ಕಿತು.

ಅವಳು ನಗಲಿಲ್ಲ. “ಅಜ್ಜಿನ ಹೆಂಗ ಸಣ್ಣಾಕಿ ಮಾಡ್ಲಿ ಸರ? ಆಕಿ ಸಾಲಿಗೆ ಬಂದು ನೋಡ್ತೀನಿ ಅಂದಾಳ್ರಿ.”

ನನಗೆ ರೇಗಿತು. “ಹಂಗಾರ ಇದು ಬಳ್ಳಾರಿಗೆ ಹೋಗಂಗಿಲ್ಲ. ನಾಳಿ ತಿದ್ದಿಕೊಂಡು ಬಾ, ಇಲ್ಲಾ ಆಕಿನ್ನ ತಗದುಬಿಡು.” ಕಣ್ಣು ತುಂಬಿಕೊಂಡು ಹೋದಳು. ತನ್ನ ಚಿತ್ರ ಬಳ್ಳಾರಿಗೆ ಹೋಗಬೇಕೆಂಬ ಆಸೆ ಅವಳಿಗೆ ಎಷ್ಟಿತ್ತೆಂದು ನನಗೆ ಗೊತ್ತಿತ್ತು. ರಾತ್ರಿ ಊಟ ರುಚಿಸಲಿಲ್ಲ.

ಮರುದಿನ ಹೊಸ ಹಾಳೆ ತಂದಳು. ಅದೇ ಬೀದಿ, ಅದೇ ಹೊಗೆ. ಅಜ್ಜಿ ಮಾತ್ರ ಮುಂದೆಯೇ, ಅರ್ಧ ಹಾಳೆ ತುಂಬಿ ನಿಂತಿದ್ದಳು. ಹಿಂದೆ ಬಸ್ಸು ಕಡ್ಡಿಪೆಟ್ಟಿಗೆಯಷ್ಟು. ಹುಡುಕಿದರೂ ಒಂದು ಗೆರೆ ತಪ್ಪಿರಲಿಲ್ಲ.

“ಭಲೇ! ಅಜ್ಜಿನ್ನ ಮುಂದಕ ಕರ್ಕಂಡು ಬಂದಿಯೇನು?”

“ಇಲ್ರಿ ಸರ. ಆಕಿ ಅಲ್ಲೇ ಅದಾಳ. ನಾನ ಹತ್ರ ಹೋಗಿ ನಿಂತ್ಕಂಡೆ.”

ಚಿತ್ರ ಬಳ್ಳಾರಿಗೆ ಹೊರಟಿತು. ಅದಕ್ಕೂ ಮೊದಲು ಅಜ್ಜಿ ಬಂದು ನೋಡಿ, “ಅಯ್ಯ ಶಿವನ, ಬಸ್ಸು ಇಷ್ಟ ಸಣ್ಣದಾದ್ರ ಹತ್ತೋದು ಹೆಂಗವ್ವಾ?” ಎಂದು ಮೊಮ್ಮಗಳ ಕೆನ್ನೆ ಹಿಂಡಿದಳು. ಬಹುಮಾನವೂ ಬಂತು.

ನಿವೃತ್ತನಾಗುವವರೆಗೂ ಪರ್ಸ್ಪೆಕ್ಟಿವ್ ಕಲಿಸಿದೆ. ಕಲಿತದ್ದು ಆ ದಿನವೇ. ಯಾವ ಮಗುವಾದರೂ ಸಣ್ಣದಾಗಿ ಕಂಡರೆ, ಮೊದಲು ಅದರ ಹತ್ತಿರ ಹೋಗಿ ನಿಲ್ಲುತ್ತಿದ್ದೆ.