ಇಸ್ತ್ರಿಯಾದ ಹರಕು ಕೋಟು

ಓಣಿಯ ಮೂಲೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಹೆಂಗಸನ್ನು ಎಲ್ಲರೂ ಇಸ್ತ್ರಿಯಮ್ಮ ಎಂದೇ ಕರೆಯುತ್ತಿದ್ದರು. ಅಂಗಡಿಯೆಂದರೆ ಒಂದು ಮೇಜು, ಮೇಲೊಂದು ಮಡಿಸಿದ ಕಂಬಳಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆ, ಅಷ್ಟೇ. ಸುಕ್ಕು ಕಂಡರೆ ಆಕೆಗೆ ಮೈ ಉರಿಯುತ್ತಿತ್ತು. ಈಚೆಗೆ ಉರಿಯಲು ಇನ್ನೊಂದು ಕಾರಣವೂ ಸಿಕ್ಕಿತ್ತು. ಅವಳೇ ನಾಟಕದಕ್ಕ.

ಬಸ್ ಡಿಪೋ ಹಿಂದಿನ ಪಾಳು ಗೋದಾಮಿನಲ್ಲಿ ಓಣಿಯ ಮಕ್ಕಳಿಗೆ ಬಿಟ್ಟಿಯಾಗಿ ನಾಟಕ ಕಲಿಸಲು ಬಂದವಳು ಅವಳು. ಶಾಲೆ ಬಿಟ್ಟು ಬೀದಿ ಅಲೆಯುತ್ತಿದ್ದವರನ್ನೂ ಹಿಡಿದು ಕೂರಿಸಿದ್ದಳು. ಒಳ್ಳೆಯ ಕೆಲಸವೇ, ಯಾರು ಇಲ್ಲವೆಂದರು? ಆದರೆ ಇಸ್ತ್ರಿಯಮ್ಮನ ಒಬ್ಬಳೇ ಮಗಳು ಮನೆಗೆ ಬಂದರೆ ಬಾಯಿಗೆ ಬೀಗ. ಗೋದಾಮಿನಲ್ಲಿ ಮಾತ್ರ ಅದೇ ಮಗಳ ನಗು ರಸ್ತೆಯವರೆಗೂ ಕೇಳುತ್ತಿತ್ತು. ಅಪ್ಪಿತಪ್ಪಿ ಮಾತಾಡಿದರೂ ಅಕ್ಕ ಹಾಗಂದ್ರು, ಅಕ್ಕ ಹೀಗಂದ್ರು. ಹೆತ್ತು ಸಾಕಿದವಳು ನಾನು, ನಗು ಅವಳ ಪಾಲಿಗೆ! ಇಸ್ತ್ರಿಯಮ್ಮ ಪೆಟ್ಟಿಗೆಯನ್ನು ಯಾರದೋ ಅಂಗಿಯ ಮೇಲೆ ಕುಕ್ಕುತ್ತಿದ್ದಳು.

ನಾಟಕದ ದಿನ ಬೆಳಗ್ಗೆ ಮಗಳು, "ಸಂಜೆ ಬರೋವಾಗ ನನ್ನ ವೇಷದ ಗಂಟು ತಗೊಂಡ್ ಬಾಮ್ಮಾ" ಎಂದು ಹೇಳಿ ಓಡಿದಳು. ಇಸ್ತ್ರಿಯಮ್ಮ ಗಂಟು ಬಿಚ್ಚಿದರೆ ಮುದುಡಿದ ಹರಕು ಕೋಟು, ಮಣ್ಣು ಮೆತ್ತಿದ ಪ್ಯಾಂಟು. ನನ್ನ ಮಗಳನ್ನು ನಾಲ್ಕು ಜನರೆದುರು ಇದರಲ್ಲಿ ನಿಲ್ಲಿಸುತ್ತಾಳಂತೆ, ಮಹಾ ಅಕ್ಕ! ತೊಳೆದಳು, ಗಂಜಿ ಹಾಕಿದಳು, ಒಣಗಿಸಿದಳು. ಬೆರಳು ಕೊಯ್ಯುವಂಥ ಗೆರೆ ಬರುವಂತೆ ಇಸ್ತ್ರಿ ಹೊಡೆದಳು. ಯಾರ ಮಗಳೆಂದು ಅವಳಿಗೂ ಗೊತ್ತಾಗಲಿ.

ಗೋದಾಮಿನಲ್ಲಿ ಗಂಟು ಬಿಚ್ಚಿದ ಮಗಳು ಹೌಹಾರಿದಳು. "ಅಯ್ಯೋ ಅಮ್ಮಾ, ಏನ್ ಮಾಡ್ಬಿಟ್ಟೆ! ನಂದು ಭಿಕ್ಷುಕನ ಪಾತ್ರ! ಇದನ್ನ ಮಣ್ಣಲ್ಲಿ ಹೊರಳಾಡ್ಸಿ ಹೊರಳಾಡ್ಸಿ ಕೊಳೆ ಮಾಡಿದ್ವಿ!"

ನಾಟಕದಕ್ಕ ಓಡಿ ಬಂದಳು. ಗರಿಗರಿ ಕೋಟು ನೋಡಿ ನಗು ನುಂಗಿಕೊಂಡು, "ಪರವಾಗಿಲ್ಲಮ್ಮಾ, ಕೊಡಿ, ನಾನು ಮುದುಡಿಸಿ ಕೊಡ್ತೀನಿ" ಎಂದು ಕೈ ಚಾಚಿದಳು.

"ನನ್ನ ಮಗಳ ಬಟ್ಟೆ ನೀವು ಮುಟ್ಬೇಡಿ."

ಅಕ್ಕ ಮುಖ ಸಣ್ಣದು ಮಾಡಿಕೊಂಡು ಆಚೆ ಹೋದಳು. ಇಸ್ತ್ರಿಯಮ್ಮ ನೆಲದ ಮೇಲೆ ಕುಕ್ಕರಿಸಿ, ಕೋಟನ್ನು ಹಿಂಡಿ, ಧೂಳಿನಲ್ಲಿ ಉಜ್ಜತೊಡಗಿದಳು. ಜೀವಮಾನದಲ್ಲಿ ಬೇಕೆಂದೇ ಸುಕ್ಕು ಹಾಕಿದ್ದು ಅದೇ ಮೊದಲು.

"ಯಾಕಮ್ಮ ಹೀಗಾಡ್ತೀಯ?" ಮಗಳು ಪಿಸುಗುಟ್ಟಿದಳು.

"ಹೊಟ್ಟೆಕಿಚ್ಚು ಕಣೇ. ನಗೋದೆಲ್ಲ ಅವರ ಹತ್ರ. ನನ್ನ ಹತ್ರ ಬಂದ್ರೆ ಉಂಡು ಮಲಗ್ತೀಯ."

ಮಗಳು ಕೋಟಿಗೆ ತೋಳು ತೂರಿಸಿದಳು. "ಇಲ್ಲಿ ಯಾರೂ ನನ್ನ ಪೆದ್ದಿ ಅನ್ಬಾರ್ದು ಅಂತ ನಗ್ತಾನೇ ಇರ್ತೀನಮ್ಮ. ಸಾಕಾಗ್ಹೋಗುತ್ತೆ. ನಿನ್ನ ಹತ್ರ ಆದ್ರೆ ಸುಮ್ನೆ ಇರ್ಬಹುದಲ್ಲ."

ಗಂಟೆ ಹೊಡೆಯಿತು, ಮಗಳು ಓಡಿದಳು. ಇಸ್ತ್ರಿಯಮ್ಮ ಪರದೆಯ ಸಂದಿನಿಂದ ನೋಡುತ್ತ ನಿಂತಳು. ಆ ಮಾತಿಗೆ ಎದೆ ತಣ್ಣಗಾಗಬೇಕಿತ್ತು, ಅರ್ಧ ಆಯಿತು ಕೂಡ. ಅಷ್ಟರಲ್ಲಿ ನಾಟಕ ಮುಗಿದು ಚಪ್ಪಾಳೆ ಬಿತ್ತು. ಮಗಳು ಎದುರು ಸಾಲಿನಲ್ಲಿದ್ದ ಅಕ್ಕನನ್ನು ನೋಡಿ ಬಾಯಿ ತುಂಬ ನಕ್ಕಳು. ಪೆದ್ದಿ ಅನ್ನಿಸಿಕೊಳ್ಳುವ ಭಯದ ನಗುವಲ್ಲ ಅದು, ತಾಯಿಗೆ ಗೊತ್ತಾಗದೆ ಇರುತ್ತದೆಯೇ? ಮೌನ ತನ್ನದಾಯಿತು, ಸರಿ. ಆದರೆ ಇಸ್ತ್ರಿಯಮ್ಮನಿಗೆ ಆ ನಗುವೂ ಬೇಕಿತ್ತು.